ಏರು ಹತ್ತದ ಕಾರು

ಎಲ್ಲ ತಾಪತ್ರಯಕ್ಕೂ ಮೂಲ ಕಿರುಬೆರಳು ದಪ್ಪದ ಒಂದು ರಬ್ಬರ್ ಪೈಪು. ಕಾರಿನ ಟರ್ಬೋಗೆ ಜೋಡಿಸಿದ್ದ ಆ ಪೈಪಿನ ಒಂದು ತುದಿಯನ್ನು ಗುಮಾಸ್ತರು ಕೈಯಾರೆ ಕಳಚಿಟ್ಟು ಎರಡು ತಿಂಗಳಾಗಿತ್ತು. ಪೈಪು ಕಳಚಿದರೆ ಟರ್ಬೋ ಸುಮ್ಮನಾಗುತ್ತದೆ, ಟರ್ಬೋ ಸುಮ್ಮನಾದರೆ ಕಾರು ಏರು ಹತ್ತುವುದಿಲ್ಲ, ಕಾರು ಹತ್ತದಿದ್ದರೆ ಬಸ್ಸಿಲ್ಲದ ಗುಡ್ಡದ ಮೇಲಿರುವ ಹೆಂಡತಿಯ ಸೋದರಮಾವನ ಮನೆಗೆ ಹೋಗಬೇಕಾಗಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ಪಿಟೀಲು ಕಲಿಯಲು ಹೊರಟ ಆ ಮಾವ ಪ್ರತಿ ಭಾನುವಾರ ಇವರನ್ನು ಎದುರಿಗೆ ಕೂರಿಸಿಕೊಂಡು ಮೂರು ಗಂಟೆ ಕುಯ್ಯುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಗುಮಾಸ್ತರು ಪೇಪರ್ ಹಿಡಿದು ಕಾಲು ಚಾಚಿದ್ದರಷ್ಟೆ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಟಾರ್ಚ್ ಹಿಡಿದು ಗೇಟು ತೆಗೆದರು. ಬೆನ್ನ ಹಿಂದೆಯೇ ಎದುರುಮನೆ ಟೈಲರು.

"ಕಾರು ಎಳೀತಿಲ್ವಂತೆ, ನಿಮ್ಮ ಮನೆಯವ್ರು ಹೇಳಿದ್ರು. ಬಾನೆಟ್ ಎತ್ತಿ."

"ಅಯ್ಯೋ, ನಿಮಗ್ಯಾಕೆ ತೊಂದ್ರೆ? ಅದಕ್ಕೆ ವಯಸ್ಸಾಯ್ತು, ಬಿಡಿ."

"ವಯಸ್ಸು ನನಗೂ ಆಗಿದೆ, ನಾನು ಏರು ಹತ್ತಲ್ವಾ? ಎತ್ತಿ ಅಂದ್ರೆ!"

ಬಾನೆಟ್ ಎದ್ದಿತು. ಟರ್ಬೋ ಪಕ್ಕದ ಡಬ್ಬಿಯಿಂದ ಹೊರಟ ಕಡ್ಡಿಯೊಂದನ್ನು ಡ್ರೈವರು ತೋರಿಸಿದರು. "ಪೈಪ್ ಗಾಳಿ ಎಳೆದ್ರೆ ಈ ಕಡ್ಡಿ ಸರೀಬೇಕು. ಆಗ್ಲೇ ಟರ್ಬೋ ಕೆಲಸ ಮಾಡೋದು. ಸ್ಟಾರ್ಟ್ ಮಾಡಿ."

ಕಡ್ಡಿ ಅಲುಗಲಿಲ್ಲ. ಟಾರ್ಚು ಪೈಪಿನ ಜಾಡು ಹಿಡಿದು ಹೋಯಿತು.

"ಇಲ್ನೋಡಿ, ಪೈಪೇ ಕಳಚಿದೆ! ಇರಿ, ಕ್ಲಿಪ್ ತರ್ತೀನಿ."

ಡ್ರೈವರು ಅತ್ತ ಹೋಗಿ, ಟೈಲರು ಇತ್ತ ಕಾಫಿ ಕುಡಿಯುವಷ್ಟರಲ್ಲಿ ಗುಮಾಸ್ತರು ಪೈಪಿನ ತುದಿಯನ್ನು ಬ್ಲೇಡಿನಿಂದ ಸೀಳಿಬಿಟ್ಟರು.

ಕ್ಲಿಪ್ಪಿನೊಂದಿಗೆ ಮರಳಿದ ಡ್ರೈವರು ಪೈಪನ್ನು ಪೂರ್ತಿ ಬಿಚ್ಚಿ, ಅದರ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ಗುಮಾಸ್ತರ ಬಾಯಿಗೇ ತುರುಕಿದರು. "ಎಳೀರಿ. ಗಾಳಿ ಸೋರದಿದ್ರೆ ನಾಲಿಗೆಗೆ ಕಚ್ಕೊಳ್ಳುತ್ತೆ. ಕಚ್ಕೊಳ್ತಾ?"

"ಇಲ್ಲ!" ತುಟಿಯೆಲ್ಲ ಮಸಿಯಾದರೂ ಗುಮಾಸ್ತರಿಗೆ ಖುಷಿಯೋ ಖುಷಿ. "ಪೈಪ್ ಹಾಳಾಗಿದೆ. ಈ ಮಾಡೆಲ್‌ದು ಈಗ ಎಲ್ಲೂ ಸಿಗಲ್ಲ ಸಾರ್."

ಟೈಲರು ಕಾಫಿ ಲೋಟ ಕೆಳಗಿಟ್ಟು, ಪೈಪಿನ ಮೇಲೆ ಬೆರಳಾಡಿಸಿ, ಜೇಬಿನಿಂದ ಕತ್ತರಿ ತೆಗೆದರು. "ತುದೀಲಿ ಒಂದಿಂಚು ಸೀಳಿದೆ, ಅಷ್ಟೆ. ಅಷ್ಟಕ್ಕೇ ಎಸೀತಾರಾ?"

ಕಚಕ್! ಉಳಿದ ಪೈಪು ಸರಿಯಾಗಿ ಸಾಕಾಯಿತು. ಕ್ಲಿಪ್ಪು ಬಿಗಿದು ಸ್ಟಾರ್ಟ್ ಮಾಡಿದರೆ ಕಡ್ಡಿ ಸರಕ್ಕನೆ ಸರಿಯಿತು.

"ನಡೀರಿ, ಈಗ್ಲೇ ಮಾವನ ಮನೆಗೆ ಹೋಗ್ಬರೋಣ" ಎಂದು ಹೆಂಡತಿ ಸೀರೆ ಬದಲಿಸಲು ಓಡಿದಳು. ಗುಮಾಸ್ತರ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

ಕಾರು ಗುಡ್ಡವನ್ನು ಓಡಿಯೇ ಹತ್ತಿತು. ದರಿದ್ರದ್ದು, ಒಮ್ಮೆಯಾದರೂ ಏದುಸಿರು ಬಿಡಲಿಲ್ಲ. ಮೇಲೆ ಗೇಟಿನ ಮುಂದೆ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಪಿಟೀಲಿನ ಪೆಟ್ಟಿಗೆ. ಅವುಗಳ ನಡುವೆ ಮಾವ.

"ಬಂದ್ಯೇನಪ್ಪಾ! ಕಾರು ಹತ್ತಲ್ಲ, ನನ್ನ ಪಿಟೀಲು ಕೇಳೋಕಾಗ್ತಿಲ್ಲ ಅಂತ ನೀನು ಕೊರಗ್ತಿದ್ದೀಯಂತೆ, ಇವಳು ಫೋನಲ್ಲಿ ಹೇಳಿದ್ಲು. ಕರುಳು ಚುರುಕ್ ಅಂತು. ಅದಕ್ಕೆ ಮನೇನ ಬಾಡಿಗೆಗೆ ಕೊಟ್ಬಿಟ್ಟೆ. ಇನ್ನು ನಿಮ್ಮನೇಲೇ ಇರ್ತೀನಿ."

"ಮಾವ, ಕಾರು ಸರಿಹೋಯ್ತಲ್ಲ!" ಗುಮಾಸ್ತರು ಅಳುವುದೊಂದು ಬಾಕಿ. "ವಾರವಾರ ನಾನೇ ಬರ್ತೀನಿ! ಒಂದು ವಾರಾನೂ ತಪ್ಪಿಸಲ್ಲ!"

"ಬಾಡಿಗೆಯವರು ಸಂಜೆಗೇ ಬರ್ತಾರಪ್ಪ. ಇನ್ನು ನೀನು ವಾರ ಕಾಯೋ ಹಾಗಿಲ್ಲ, ದಿನಾ ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಕೂರಿಸ್ಕೊಳ್ತೀನಿ." ಮಾವ ಕಾರಿನ ಬೆನ್ನು ಸವರಿದರು. "ಇವನ್ನೆಲ್ಲ ಹೊತ್ತು ಇಳಿಯೋದು ಹೇಗಪ್ಪಾ ಅಂತ ಕೂತಿದ್ದೆ. ಇದು ಸರಿಹೋಗಿದ್ದು ಒಳ್ಳೇದೇ ಆಯ್ತು, ಸಾಮಾನೆಲ್ಲ ಒಂದೇ ಸಲಕ್ಕೆ ಸಾಗುತ್ತೆ. ಡಿಕ್ಕಿ ತೆಗಿ."