ಸತ್ತೆವ್ವ ಕೂಡುವ ಜಾಗ

ಸತ್ತೆವ್ವನ ಮೊಣಕಾಲುಗಳು ಸಂಪು ಹೂಡಿ ಒಂದು ಮಳೆಗಾಲವೇ ಕಳೆದಿತ್ತು. ಸಂಡಾಸ ಇದ್ದದ್ದು ಹಿತ್ತಲಲ್ಲಿ, ಪಾಚಿಗಟ್ಟಿದ ಮೆಟ್ಟಿಲುಗಳ ಕೆಳಗೆ. ದಾಂಡೇಲಿಯ ಕಾಗದ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಅವಳ ಗಂಡ ಜ್ಯೋತಿಬಾ, ಮನೆಯೊಳಗೆ ಜೋಳದ ಚೀಲ ಇಡುತ್ತಿದ್ದ ಸಣ್ಣ ಖೋಲಿಯಲ್ಲೇ ಒಂದು ಕಮೋಡ್ ಕೂಡಿಸಬೇಕೆಂದು ನಿಶ್ಚಯಿಸಿದ.

ಬಾಯಿಬಿಟ್ಟದ್ದೇ ತಪ್ಪಾಯಿತು. ಪಕ್ಕದ ಮನೆಯ ಅಂದಾನೆಪ್ಪ, ಮನೆ-ಪ್ಲಾಟು ಕೊಡಿಸುವ ದಲ್ಲಾಳಿ, ಬೆಳಗಿನ ಚಹಾದ ಕಪ್ಪು ಹಿಡಿದುಕೊಂಡೇ ಬಂದ.

“ಕಾಕಾ, ಅದು ಈಶಾನ್ಯ ಮೂಲಿ! ಅಲ್ಲಿ ಕಮೋಡ್ ಇಟ್ರ ನಾಳೆ ಗಿರಾಕಿ ಹೊಸ್ತಲಾ ದಾಟತಾನೇನು?”

“ನಾ ಎಲ್ಲಿ ಮನಿ ಮಾರಾಕತ್ತೇನೋ?”

“ಮಾರೂದು ಯಾವಾಗರ ಇರ್ಲಿ, ರೇಟ್ ಇವತ್ತ ಬೀಳತೈತಿ.”

ಎದುರು ಮನೆಯ ಶಿವವ್ವ ಬೇರೆ ಮೂಲೆಗಳನ್ನು ನೋಡಿಕೊಂಡಳು. ಒಂದು ಅಗ್ನಿಯದಂತೆ, ಒಂದು ವಾಯುವಿನದಂತೆ, ಇನ್ನೊಂದು ಲಕ್ಷ್ಮಿಯದಂತೆ. ಬಿಸಿಲೇರುವುದರೊಳಗೆ ಆ ಪುಟ್ಟ ಮನೆಯ ಎಂಟೂ ದಿಕ್ಕಿಗೆ ಒಬ್ಬೊಬ್ಬ ದೇವರು ಬಂದು ಕೂತಿದ್ದ. ಕೂಡಲು ಜಾಗವಿಲ್ಲದವಳು ಸತ್ತೆವ್ವ ಒಬ್ಬಳೇ.

ಹಳಿಯಾಳದಿಂದ ಗಾರೆ ಕೆಲಸದ ಗೌಂಡಿ ಬಾಳೇಶ ಬಂದಾಗಲೂ ನೆರೆಯವರಿಬ್ಬರೂ ಮನೆಮುಂದಿನ ಕಟ್ಟೆ ಬಿಟ್ಟು ಕದಲಿರಲಿಲ್ಲ. ಜ್ಯೋತಿಬಾ ಕಮೋಡ್ ಎಂಬ ಆ ಒಂದು ಶಬ್ದವನ್ನು ನುಂಗಿಕೊಂಡು ಪಿಸುಗುಟ್ಟಿದ:

“ನಮ್ಮಕಿಗೆ ದಿನಾ ಮುಂಜಾನೆ ಎದ್ದು ಕೂಡಾಕ ಒಂದ ಜಾಗಾ ಬೇಕೋ ತಮ್ಮಾ. ನೀರ ಹೋಗಾಕ ಕಿಂಡಿ ಬಿಡು. ಗ್ವಾಡಿಗೆ ಟೈಲ್ಸ್ ಹಚ್ಚು.”

“ಎಂಥಾವರೀ?”

“ಗ್ವಾಡಿ ಹೊಲಸ ಆಗಬಾರದು, ಅಂಥಾವು.”

“ತಿಳೀತ್ರಿ,” ಎಂದು ಬಾಳೇಶ ಕೈಮುಗಿದ. ಯಾಕೆ ಮುಗಿದನೆಂದು ಜ್ಯೋತಿಬಾ ಕೇಳಲಿಲ್ಲ. ನೆರೆಯವರು ಒಳಗೆ ಇಣುಕದಂತೆ ದಿನವಿಡೀ ಬಾಗಿಲಿಗೆ ಅಡ್ಡ ಕೂತು, ಮಾರಾಟವಾಗದೆ ಉಳಿದ ಮನೆಗಳ ಬಗ್ಗೆ ಅಂದಾನೆಪ್ಪ ಹೇಳುವ ಕತೆಗಳನ್ನು ಸಾವಿನ ಸುದ್ದಿ ಕೇಳುವಂತೆ ಕೇಳಿದ.

ಸಂಜೆ ಬಾಳೇಶ ಕರೆದ. ಜ್ಯೋತಿಬಾ ಒಳಗೆ ಹೋಗಿ ನೋಡಿದ. ನೆಲದಿಂದ ಎದೆಮಟ್ಟದವರೆಗೆ ಮೂರೂ ಗೋಡೆಗೆ ಗಣಪತಿ, ಶಿವ, ಲಕ್ಷ್ಮಿ! ರಸ್ತೆಬದಿಯ ಗೋಡೆಗೆ ಯಾರೂ ಉಚ್ಚೆ ಹೊಯ್ಯದಿರಲೆಂದು ಹಚ್ಚುತ್ತಾರಲ್ಲ, ಅವೇ ಟೈಲ್ಸು.

“ಗ್ವಾಡಿ ಹೊಲಸ ಆಗಬಾರದಂದ್ರ ಇವ ಬೇಕು ಅಂದಾ ಅಂಗಡ್ಯಾಂವ. ಅವ್ವಾರು ಪೂಜಿಗೆ ಕೂಡತಾರಲ್ರಿ? ಅಭಿಷೇಕದ ನೀರಿಗೆ ಕಿಂಡೀನೂ ಬಿಟ್ಟೇನಿ.”

“ಏ ಮಾರಾಯಾ, ಕಿತ್ತ ಹಾಕೋ!”

“ದೇವರ ಮ್ಯಾಲೆ ಸುತ್ತಿಗಿ ಎತ್ತಲೇನ್ರಿ? ನನಗೂ ಹೆಂಡ್ರು ಮಕ್ಕಳು ಅದಾರ.”

ಅಷ್ಟರಲ್ಲಿ ಶಿವವ್ವ ನುಗ್ಗಿ ಹೂ ಏರಿಸಿ, ದೀಪ ಹಚ್ಚಿಬಿಟ್ಟಿದ್ದಳು. ಸತ್ತೆವ್ವ ಗೋಡೆ ಹಿಡಿದು ಬಂದು, ನೋಡಿ, ಕೈಮುಗಿದಳು.

“ಇವರೆಲ್ಲಾರ ಮುಂದ ನಾ ಹೆಂಗ ಕೂಡ್ಲಿರೀ?”

ಜ್ಯೋತಿಬಾ ಹಿತ್ತಲ ಮೆಟ್ಟಿಲುಗಳ ಕಡೆ ನೋಡಿದ.

“ಅಂದಾನೆಪ್ಪನ್ನ ಕರೀರಿ,” ಎಂದಳು ಆಕೆ ಮೆಲ್ಲಗೆ. “ಈಗರ ರೇಟ್ ಬಂದಿರಬೇಕಲ್ಲ. ಇದನ್ನ ಮಾರಿ, ನಮಗ ಒಗ್ಗೂವಂಥಾದ್ದ ಒಂದ ನೋಡೂಣು.”

ಅಂದಾನೆಪ್ಪ ಹಿಗ್ಗಿ ಹೀರೇಕಾಯಾದ. ಫೋನು ಮಾಡಿ ಅಂಬಿಕಾನಗರದ ಗಿರಾಕಿಯೊಬ್ಬನನ್ನು ಆಗಲೇ ಕರೆಸಿದ. ಆತ ದೇವರಿಗೆ ಅಡ್ಡಬಿದ್ದ, ಮನೆಯನ್ನೆಲ್ಲ ಸುತ್ತಿದ, ಹಿತ್ತಲ ಬಾಗಿಲಲ್ಲಿ ನಿಂತು ಕೆಳಗೆ ನೋಡಿದ, ಹೊರಟುಹೋದ. ಅವನನ್ನು ಬೀಳ್ಕೊಟ್ಟು ಬಂದ ಅಂದಾನೆಪ್ಪನ ಮುಖ ಆರಿದ ಒಲೆಯಂತಿತ್ತು.

“ಏನಂದನೋ?”

“ದೇವರ ಖೋಲಿ ಭಾಳ ಸೇರೇತಿ ಕಾಕಾ. ಆದ್ರ ಅವನ ತಾಯಿಗೆ ಮೊಣಕಾಲ ನೋವಂತ.” ಅಂದಾನೆಪ್ಪ ನೆಲ ನೋಡಿದ. “ಕಮೋಡ್ ಒಳಗ ಇರೂ ಮನಿ ಇದ್ರ ತೋರಸ್ರಿ ಅಂದಾ.”