ಕುಸ್ತಿ ಬೇಡಿದವನಿಗೆ ಕರಡಿಮರಿ

ನಮ್ಮಜ್ಜ ಮಾಳಪ್ಪ, ನಿಜಾಮನ ಕಾಲದಲ್ಲಿ ಹುಮನಾಬಾದ್ ದಾರಿಯ ಸುಂಕದ ನಾಕಾದವನು ಕೈ ಅಡ್ಡ ಹಿಡಿದಾಗ, ಮರುಮಾತಾಡದೆ ಕುರಿಹಿಂಡು ತಿರುಗಿಸಿ, ಗುಡ್ಡ ಬಳಸಿ ಸಂತೆ ಮುಟ್ಟಿದವನು. (ಅರ್ಧ ಹಿಂಡು ಗುಡ್ಡದ ತೋಳಗಳ ಪಾಲಾಯಿತು. ಆ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ.) ನಮ್ಮಪ್ಪ ಪಂಡರಿ, ದಲಾಲರನ್ನು ದೂರವಿಟ್ಟು ತನ್ನ ಟಗರು ತಾನೇ ಮಾರಿದವನು. ಇಂಥ ಘನವಂಶದಲ್ಲಿ ಹುಟ್ಟಿ, ಶಾಲೆಯ ಕಟ್ಟೆ ಹತ್ತದೆ ಅಂಗಡಿ ಬೋರ್ಡುಗಳನ್ನು ಓದಿ ಓದಿಯೇ ಅಕ್ಷರ ಕಲಿತ ನಾನು, ಮಂಠಾಳದ ಕೇಬಲ್ ಮಹಾರುದ್ರಪ್ಪನಿಗೆ ತಲೆ ಬಾಗುವುದುಂಟೆ?

ಅವನು ನನ್ನ ಕುಸ್ತಿ ಚಾನೆಲ್ಲನ್ನು ಕಿತ್ತು ದೊಡ್ಡ ಪ್ಯಾಕಿಗೆ ಸೇರಿಸಿದ್ದ. ಅದು ಬೇಕೆಂದರೆ ಜೊತೆಗೆ ಅಡುಗೆಯದು, ಬಂಗಾರ ಮಾರುವುದು, ಮೀನು ಹಿಡಿಯುವುದು, ಎಲ್ಲವನ್ನೂ ಕೊಳ್ಳಬೇಕಂತೆ.

"ಒಂದು ಟಗರು ಕೇಳಿದ್ರ ಇಡೀ ಹಿಂಡು ಹೊಡಕೊಂಡು ಹೋಗು ಅಂತೀಯಲ್ಲೋ," ಅಂದೆ.

"ಮ್ಯಾಲಿನ ಕಂಪನಿಯವರ ಕಾನೂನು ರೀ ಕಾಕಾ. ನಾ ಬರೇ ತಂತಿ ಕಾಯಾಂವ."

"ಹಂಗಾದ್ರ ಕಾಯಕೋತ ಕೂಡು," ಎಂದು ಅವನ ಕೇಬಲ್ ಡಬ್ಬಿಯನ್ನು ಅಂದೇ ಅವನ ಕೈಗಿಟ್ಟು ಬಂದೆ.

ಹುಮನಾಬಾದಿನಿಂದ ಇಂಟರ್‌ನೆಟ್ ಟಿವಿ ತಂದೆ. ಇನ್ನು ಜಗತ್ತಿಗೂ ನನಗೂ ನಡುವೆ ಯಾರೂ ಇಲ್ಲವೆಂದು ಕಟ್ಟೆಯ ಮೇಲೆ ನಿಂತು ಸಾರಿದೆ. (ಅದನ್ನು ಹೊಂದಿಸಿದವಳು ಮಾತ್ರ ಹೆಂಡತಿ ಸುಮನಬಾಯಿ. ಮೊಬೈಲಿನಲ್ಲಿ ಅವಳ ಕೈ ಪಳಗಿದೆ.) ಭಾನುವಾರದ ಫೈನಲ್ ಕುಸ್ತಿಗೆ ಕೊಡಂಬಲದ ಹಳೆಯ ಗೆಳೆಯ ಮಚ್ಚೇಂದ್ರನನ್ನು ಕರೆದೆ. ಹೊಟ್ಟೆ ಉರಿದುಕೊಳ್ಳಲಿ ಎಂದು ಮಹಾರುದ್ರಪ್ಪನನ್ನೂ ಕರೆದೆ.

ಆದರೆ ಟಿವಿ ಹಚ್ಚಿದರೆ ಒಂದು ಕರಡಿಮರಿ, ಜೇನು ಹುಡುಕುತ್ತಿದೆ. ಗುಂಡಿ ಒತ್ತಿದರೆ ಹಲ್ಲುಜ್ಜುವ ಹಾಡು. 'ಕುಸ್ತಿ' ಎಂದು ಅಕ್ಷರ ಕೂಡಿಸಿದರೆ ಎರಡು ಮೊಲಗಳು ತಬ್ಬಿಕೊಂಡವು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಅಂಗಳಕ್ಕೂ ಟಿವಿಗೂ ತಿರುಗಿ ಚಪ್ಪಲಿ ಸವೆಯಿತು. ಯಾರನ್ನಾದರೂ ಕೇಳೋಣವೆಂದರೆ ವಂಶ ಅಡ್ಡ ಬಂತು. ಭಾನುವಾರ ಮಾತ್ರ ಯಾರಿಗೂ ಕಾಯದೆ ಬಂದೇ ಬಿಟ್ಟಿತು.

ಇಬ್ಬರೂ ಬಂದು ಕೂತರು. ಕರಡಿಮರಿಯೂ ಬಂತು.

"ಕುಸ್ತಿ ಯಾವಾಗಪ್ಪಾ?" ಅಂದ ಮಚ್ಚೇಂದ್ರ.

"ತಡಿ. ಮೊದಲು ಇದು ಮುಗೀಲಿ."

"ಇದು ಮುಗಿಯೂತನಕ ಆ ಪೈಲ್ವಾನರು ಮುದುಕರಾಗತಾರ."

ಮಹಾರುದ್ರಪ್ಪ ಪರದೆಯ ಮೂಲೆಯನ್ನು ದಿಟ್ಟಿಸಿ ಮೆತ್ತಗೆ ಹೇಳಿದ, "ಕಾಕಾ, ಇದು ಸಣ್ಣ ಹುಡುಗರ ಖಾತೆ ಅದರಿ. ಉಳಿದದ್ದಕ್ಕ ಬೀಗ ಹಾಕ್ಯಾರ."

"ಯಾವ ಕಂಪನ್ಯಾಂವ ಹಾಕಿದ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಕಂಪನಿ ಅಲ್ಲರಿ, ನಾನು," ಅಂದಳು ಸುಮನಬಾಯಿ. "ಹ್ವಾದ ವರ್ಷ ಕುಸ್ತಿ ನೋಡಕೋತ ತಲೆದಿಂಬಿಗೆ ಪಟ್ಟು ಹಾಕಿ ಮಂಚದ ಕಾಲು ಮುರದ್ರಿ. ಬಿ.ಪಿ. ಏರತದ, ಹೊಡದಾಟ ತೋರಸಬ್ಯಾಡ್ರಿ ಅಂದಾರ ಡಾಕ್ಟರ್."

ಮಚ್ಚೇಂದ್ರ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಮಹಾರುದ್ರಪ್ಪ ನಗಲಿಲ್ಲ, ಅದೇ ಹೆಚ್ಚು ಉರಿಯಿತು. "ತಂತಿ ಎಳೀಲೇನ್ರಿ ಕಾಕಾ? ಇವತ್ತ ಪುಕ್ಕಟ," ಅಂದ.

ಸುಮನಬಾಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಮಂದಿ ಬಂದಾರ, ಇವತ್ತೊಂದಿನ ಬೀಗ ತೆಗೀತೇನಿ. ನೀವು ಮಂಚ ಬಿಟ್ಟು ನೆಲದ ಮ್ಯಾಲ ಕೂಡ್ರಿ."

ಗುಡ್ಡ ಬಳಸಿ ಹೋದ ಮಾಳಪ್ಪಜ್ಜ ಕಣ್ಣ ಮುಂದೆ ನಿಂತ. ನಾನು ಮೀಸೆ ತಿರುವಿ ಮಂಚದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತೆ.

"ನನಗ ಯಾರ ಸಹಾಯನೂ ಬ್ಯಾಡ," ಅಂದೆ. "ಎಲ್ಲಾರೂ ಸುಮ್ಮ ಕೂಡ್ರಿ. ಆ ಕರಡಿಮರಿಗೆ ಇನ್ನಾ ಜೇನು ಸಿಕ್ಕಿಲ್ಲ."