ಅಂಡ ಎಣಿಸಿ ಕೈತೊಳೆದುಕೊಂಡ ವೈದ್ಯರಿಗೆ

ಎರಡು ಹಾರ್ಮೋನುಗಳ ಕುಸ್ತಿಗೆ ತೀರ್ಪಿತ್ತ ಮಾನ್ಯ ಮುಖ್ಯ ವೈದ್ಯರೇ,

ತಮ್ಮ ಪ್ರನಾಳ ಶಿಶು ಚಿಕಿತ್ಸಾಲಯದಲ್ಲಿ ಹೊಸ ಚುಚ್ಚುಮದ್ದಿನ ಗುಂಪಿಗೆ ಸೇರುವ ಭಾಗ್ಯ ಪಡೆದ ಶಾಲಾ ಶಿಕ್ಷಕಿಯಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಂಡಾಶಯವನ್ನು ಹುರಿದುಂಬಿಸಲು ಹಳೆಯ ಹಾರ್ಮೋನು ಮೇಲೋ ಹೊಸದು ಮೇಲೋ ಎಂದು ನಮ್ಮ ಹೊಟ್ಟೆಗಳ ಮೇಲೆ ತಾವು ನಡೆಸಿದ ಹೋಲಿಕೆಯಲ್ಲಿ ಹೊಸದೇ ಗೆದ್ದಿತೆಂದು ಸಾರುವ ಫಲಕವನ್ನು ಸಭಾಂಗಣದ ಗೋಡೆಯ ಮೇಲೆ ಕಂಡು ನನ್ನ ಮೈ ಉರಿಯಿತು, ಕ್ಷಮಿಸಿ, ಮನ ತುಂಬಿತು.

ಅದರಲ್ಲಿ ಒಬ್ಬೊಬ್ಬರ ಅಂಡದ ಲೆಕ್ಕಕ್ಕೆ ಬಿಡಿಸಿದ್ದ ಕಂಬಗಳ ಪೈಕಿ ಎಲ್ಲಕ್ಕಿಂತ ಎತ್ತರದ ಕಂಬ ನನ್ನದೇ ಎಂದು ನರ್ಸಮ್ಮ ಬೆರಳಿಟ್ಟು ತೋರಿಸಿದರು. ನನ್ನಿಂದ ತೆಗೆದಷ್ಟು ಅಂಡಗಳನ್ನು ಬೇರಾರಿಂದಲೂ ತೆಗೆದಿಲ್ಲವಂತೆ. ಅಂಡ ತೆಗೆದ ದಿನ ಆ ಲೆಕ್ಕ ಕೇಳಿ ನಮ್ಮ ಅತ್ತೆಯವರು, 'ಇಷ್ಟೊಂದು ಬಂದ್ಮೇಲೆ ಒಂದಾದ್ರೂ ನಿಲ್ಲಲ್ವೇನಮ್ಮ' ಎಂದು ಹಿಗ್ಗಿದ್ದರು. ನಿಲ್ಲಲಿಲ್ಲ. ಹಾರ್ಮೋನಿನ ಅತ್ಯುತ್ಸಾಹಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಿಗೂ ತತ್ವಾರವಾಗಿ ನಾನು ತಮ್ಮದೇ ಮೇಲಂತಸ್ತಿನಲ್ಲಿ ಮಲಗಿದ್ದಾಗ, ಪ್ರಯೋಗಾಲಯದಲ್ಲಿ ಆ ಅಂಡಗಳಿಂದ ಬೆಳೆಸುತ್ತಿದ್ದ ಭ್ರೂಣಗಳು ಒಂದೊಂದಾಗಿ ಕೈಕೊಟ್ಟವು. ತಮ್ಮ ಎಣಿಕೆ ಅಂಡ ತೆಗೆದ ಮೇಜಿನ ಬಳಿಯೇ ಮುಗಿದಿದ್ದರಿಂದ ಇಂಥ ಕ್ಷುಲ್ಲಕ ಸಂಗತಿಗೆ ಫಲಕದಲ್ಲಿ ಜಾಗವಾಗಲಿಲ್ಲ. ಮಗು ಬೇಕೆಂದು ಬಂದವಳು ಬರಿಗೈಯಲ್ಲಿ ಹೋದರೂ 'ಅತ್ಯುತ್ತಮ ಫಲಿತಾಂಶ'ವಾಗಿಯೇ ಉಳಿಯಬಹುದೆಂಬ ಜ್ಞಾನೋದಯ ನನಗಾದದ್ದು ತಮ್ಮಿಂದಲೇ.

ಈ ಪದ್ಧತಿಯನ್ನು ನಮ್ಮ ಶಾಲೆಗೂ ತರುವ ಆಸೆಯಿದೆ. ಪೆನ್ನು ಹಿಡಿದು ಕೂತವರನ್ನೆಲ್ಲ ಎಣಿಸಿ ಪಾಸೆಂದು ಸಾರಿ, ಉತ್ತರ ಪತ್ರಿಕೆ ಬಿಡಿಸಿಯೂ ನೋಡದೆ ನೆಮ್ಮದಿಯಾಗಿ ಮನೆಗೆ ಹೋಗಬಹುದು.

ನಿನ್ನೆಯ ವಿಜಯೋತ್ಸವದಲ್ಲಿ ನನ್ನನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆಸಿದಿರಿ, ಋಣಿಯಾಗಿದ್ದೇನೆ. ಇನ್ನೊಂದೇ ಉಪಕಾರ ಮಾಡಿ. ಆ ಎತ್ತರದ ಕಂಬವನ್ನು ಫಲಕದಿಂದ ಇಳಿಸಿ, ಕುಲಾವಿ ತೊಡಿಸಿ, ಬೆಚ್ಚಗೆ ಸುತ್ತಿ ನನ್ನ ಮಡಿಲಿಗೆ ಹಾಕಿ. ಹಸಿದು ಅತ್ತರೆ ಏನು ಕುಡಿಸಬೇಕೆಂಬುದನ್ನೂ ಅಪ್ಪಣೆ ಕೊಡಿಸಿ. ಅದು ಸಾಧ್ಯವಿಲ್ಲವೆಂದಾದರೆ, ಯಾವ ಚುಚ್ಚುಮದ್ದು ಪಡೆದವರಲ್ಲಿ ಎಷ್ಟು ಮಂದಿ ಮಗುವನ್ನೆತ್ತಿಕೊಂಡು ಮನೆಗೆ ಹೋದರೆಂದು ಫಲಕದ ಕೆಳಗೆ ಒಂದು ಸಾಲು ಬರೆಸಿ. ನನಗಂತೂ ಮಗು ಸಿಗಲಿಲ್ಲ, ಅದರ ಸಂಕಟ ಇದ್ದೇ ಇದೆ. ನನ್ನ ಕಂಬ ನೋಡಿ ಇನ್ನೊಬ್ಬಳು ಹೊಟ್ಟೆ ಒಡ್ಡುವುದು ಬೇಡ.

ಎತ್ತರದ ಕಂಬದ ಒಡತಿಯೂ ತಮ್ಮ ವಿಶ್ವಾಸಿಯೂ ಆದ,
ಲೆಕ್ಕದ ಟೀಚರ್

ತಾ.ಕ.: ಅಂಡ ಕಡಿಮೆ ಬಂತೆಂದು ತಾವು ಸೋತವರ ಸಾಲಿಗೆ ತಳ್ಳಿದ ಹಳೆಯ ಚುಚ್ಚುಮದ್ದು ಪಡೆದಿದ್ದ ದರ್ಜಿ ಹೆಂಗಸು ನಿನ್ನೆ ಮಗಳನ್ನೆತ್ತಿಕೊಂಡು ತಮಗೆ ತೋರಿಸಲೆಂದು ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ತಮ್ಮ ಭಾಷಣದ ನಡುವೆ ಕೂಸು ಅತ್ತಿತು. 'ಸರ್ ಮಾತಾಡ್ತಿದ್ದಾರೆ, ಮಗೂನ ಹೊರಗೆ ಕರ್ಕೊಂಡು ಹೋಗಿ' ಎಂದು ತಮ್ಮ ಸಿಬ್ಬಂದಿ ಅವರಿಬ್ಬರನ್ನೂ ಕಳಿಸಿ ಬಾಗಿಲು ಹಾಕಿದರು. ಇಡೀ ಸಭಾಂಗಣದಲ್ಲಿದ್ದ ಫಲಿತಾಂಶ ಅದೊಂದೇ ಆಗಿತ್ತು.